ಅತಿಥಿ ಕಲಾವಿದರು, ಆತಿಥೇಯ ಊರುಗಳು

ಚಿತ್ರಕಾರರು, ಲೇಖಕರು, ನರ್ತಕರು ಅಥವಾ ರಂಗನಿರ್ದೇಶಕರು ತಮ್ಮ ದೇಶವನ್ನು ಬಿಟ್ಟು ಬೇರೊಂದು ನೆಲದಲ್ಲಿ ಕೆಲವು ವಾರಗಳೋ ತಿಂಗಳುಗಳೋ ನೆಲೆಸಿ, ಅಲ್ಲಿಯೇ ಉಂಡು, ಅಲ್ಲಿಯವರೊಡನೆ ಒಡನಾಡಿ, ಅಲ್ಲಿಯೇ ತಮ್ಮ ಕೆಲಸವನ್ನು ಮುಂದುವರಿಸಲು ಸಂಸ್ಥೆಯೊಂದು ಮಾಡಿಕೊಡುವ ಏರ್ಪಾಟಿಗೆ ಕಲಾಲೋಕದಲ್ಲಿ ರೆಸಿಡೆನ್ಸಿ ಎಂಬ ಹೆಸರು ರೂಢಿಯಾಗಿದೆ. ಆತಿಥೇಯ ಸಂಸ್ಥೆಯು ಸಾಮಾನ್ಯವಾಗಿ ಉಳಿಯಲು ಒಂದು ಕೋಣೆ, ಕೆಲಸ ಮಾಡಲು ಒಂದು ಸ್ಟುಡಿಯೋ ಮತ್ತು ಸ್ಟೈಪೆಂಡ್ ಎಂದು ಕರೆಯಲಾಗುವ ಖರ್ಚುವೆಚ್ಚದ ಹಣವನ್ನು ಒದಗಿಸುತ್ತದೆ. ಕಲಾವಿದರು ತಮ್ಮ ಹಿಂದಿನ ಕೃತಿಗಳ ಮಾದರಿಗಳನ್ನೂ ಮುಂದೆ ಮಾಡಬೇಕೆಂದಿರುವ ಕೆಲಸದ ಟಿಪ್ಪಣಿಯನ್ನೂ ಕಳುಹಿಸಿ ಅರ್ಜಿ ಹಾಕಿಕೊಳ್ಳುತ್ತಾರೆ, ತಜ್ಞರ ಸಮಿತಿಯೊಂದು ಅವರನ್ನು ಆರಿಸುತ್ತದೆ. ಅವಧಿ ಮುಗಿಯುವ ಹೊತ್ತಿಗೆ ‘ಓಪನ್ ಸ್ಟುಡಿಯೋ’ ನಡೆಸುವುದು ವಾಡಿಕೆ, ಅಂದರೆ ಮುಗಿದ ಮತ್ತು ಇನ್ನೂ ಮುಗಿಯದ ಕೃತಿಗಳನ್ನು ಕೆಲಸದ ಜಾಗದಲ್ಲಿಯೇ ಊರಿನವರಿಗೆ ತೆರೆದು ತೋರಿಸುವುದು. ಪ್ರಶಸ್ತಿಯು ಆಗಿಹೋದ ಕೆಲಸಕ್ಕೆ ಸಲ್ಲುವ ಮನ್ನಣೆಯಾದರೆ ರೆಸಿಡೆನ್ಸಿಯು ಇನ್ನೂ ಆಗಬೇಕಾದ ಕೆಲಸಕ್ಕೆ ಕೊಡುವ ಕಾಲಾವಕಾಶವಾದ್ದರಿಂದ, ಅದರಿಂದ ಏನು ಹುಟ್ಟುತ್ತದೆ ಎಂಬುದನ್ನು ಮೊದಲೇ ಹೇಳಲು ಸಾಧ್ಯವಿರುವುದಿಲ್ಲ.

ಈ ಪದ್ಧತಿಯನ್ನು ಸಂಸ್ಕೃತಿಗಳ ನಡುವಿನ ಕೊಡುಕೊಳುಗೆಯ ಒಂದು ದಾರಿ ಎಂದು ಸಾಂಸ್ಕೃತಿಕ ಸಂಸ್ಥೆಗಳೂ ವಿದೇಶಾಂಗ ಇಲಾಖೆಗಳೂ ವರ್ಣಿಸುತ್ತ ಬಂದಿವೆ. ಆದರೆ ಕೊಡುಕೊಳುಗೆ ಎನ್ನಬೇಕಾದರೆ ಎರಡೂ ಕಡೆಯವರ ಕೈಯಲ್ಲಿ ಏನಾದರೂ ಇರಬೇಕು. ಬಂದವರು ನೋಡಿ, ಬರೆದು, ಚಿತ್ರಿಸಿ ಹೊರಟುಹೋದ ಮೇಲೆ ಆತಿಥೇಯ ಊರಿನ ಕಲೆಯಲ್ಲಿ ಯಾವ ಬದಲಾವಣೆಯೂ ಉಳಿಯದಿದ್ದರೆ ಅದನ್ನು ಪ್ರವಾಸ ಎನ್ನಬಹುದೇ ಹೊರತು ವಿನಿಮಯ ಎನ್ನಲಾಗದು. ಕರ್ನಾಟಕದ ಕಲಾವಿದರು ಕಳೆದ ಒಂದು ಶತಮಾನದಲ್ಲಿ ಹೊರಗೆ ಹೋಗಿ ನೆಲೆಸಿದ ಮತ್ತು ಹೊರಗಿನವರು ಇಲ್ಲಿಗೆ ಬಂದು ನೆಲೆಸಿದ ಪ್ರಸಂಗಗಳನ್ನು ಈ ಅಳತೆಗೋಲಿನಿಂದ ನೋಡಿದಾಗ, ಹೆಚ್ಚು ಫಲ ಕೊಟ್ಟವುಗಳಲ್ಲಿ ಹಲವಕ್ಕೆ ರೆಸಿಡೆನ್ಸಿ ಎಂಬ ಹೆಸರೇ ಇರಲಿಲ್ಲ ಎಂಬುದು ಕಂಡುಬರುತ್ತದೆ.

ಯುರೋಪಿನಲ್ಲಿ ಈ ಪದ್ಧತಿಯ ಬೇರು ಹಳೆಯದು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಳ್ವಿಕೆಯಲ್ಲಿ, 1666ರಲ್ಲಿ, ರೋಮ್ ನಗರದಲ್ಲಿ ಫ್ರೆಂಚ್ ಅಕಾಡೆಮಿಯನ್ನು ತೆರೆದು ತರುಣ ಕಲಾವಿದರನ್ನು ಅಲ್ಲಿಗೆ ಕಳುಹಿಸುವ ಕ್ರಮ ಆರಂಭವಾಯಿತು. ಅವರು ಅಲ್ಲಿಗೆ ಹೋಗುತ್ತಿದ್ದುದು ಪ್ರಾಚೀನ ಕೃತಿಗಳನ್ನು ನಕಲು ಮಾಡಿ ಕಲಿತು ಬರಲು, ಬದುಕಿರುವ ಇಟಲಿಯವರೊಡನೆ ಅವರು ಒಡನಾಡಬೇಕೆಂಬ ನಿರೀಕ್ಷೆ ದೊರೆಗೆ ಇದ್ದಂತಿಲ್ಲ. ಅಮೆರಿಕದಲ್ಲಿ ಸಂಗೀತ ಸಂಯೋಜಕ ಎಡ್ವರ್ಡ್ ಮ್ಯಾಕ್‌ಡೊವೆಲ್ ಮತ್ತು ಅವರ ಪತ್ನಿ, ಪಿಯಾನೋ ವಾದಕಿ ಮೇರಿಯನ್ ಅವರ ಹೆಸರಿನೊಂದಿಗೆ 1907ರಲ್ಲಿ ಆರಂಭವಾದ ಕಲಾವಿದರ ನೆಲೆಯು ಏಕಾಂತಕ್ಕೆ ಒತ್ತು ಕೊಟ್ಟಿತು. ಬೇರೆ ಬೇರೆ ದೇಶಗಳ ಕಲಾವಿದರನ್ನು ಒಂದೇ ಚಾವಣಿಯ ಕೆಳಗೆ ತರುವ ಕಾರ್ಯಾಗಾರದ ಮಾದರಿಯನ್ನು ಬ್ರಿಟಿಷ್ ಶಿಲ್ಪಿ ಆಂಥೊನಿ ಕ್ಯಾರೊ ಮತ್ತು ಕಲಾಪೋಷಕ ರಾಬರ್ಟ್ ಲೋಡರ್ 1982ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಹೊಲದ ಮನೆಯಲ್ಲಿ ಆರಂಭಿಸಿದರು. ಟ್ರಯಾಂಗಲ್ ಎಂದು ಹೆಸರಾದ ಆ ಜಾಲದ ನೆರವಿನಿಂದಲೇ ದೆಹಲಿಯ ಖೋಜ್ ಸಂಸ್ಥೆ 1997ರಲ್ಲಿ ಮೋದಿನಗರದಲ್ಲಿ ತನ್ನ ಮೊದಲ ಕಾರ್ಯಾಗಾರವನ್ನು ನಡೆಸಿತು.

ಆದರೆ ಕನ್ನಡನಾಡಿನ ಕಲಾವಿದರೊಬ್ಬರು ಪರದೇಶದವರೊಡನೆ ಒಂದೇ ಬಿಡಾರದಲ್ಲಿದ್ದು ಕೆಲಸ ಮಾಡಿದ್ದಕ್ಕೆ ಇದಕ್ಕಿಂತ ಬಹಳ ಹಿಂದಿನ ನಿದರ್ಶನವಿದೆ. ಇಂಗ್ಲೆಂಡಿನ ಕಲಾವಿದೆ ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ 1909ರಿಂದ 1911ರ ನಡುವಿನ ಎರಡು ಚಳಿಗಾಲಗಳಲ್ಲಿ ಅಜಂತಾದ ಗುಹೆಗಳ ಭಿತ್ತಿಚಿತ್ರಗಳನ್ನು ಪ್ರತಿ ತೆಗೆಯುವ ಕೆಲಸಕ್ಕೆ ಕೈಹಾಕಿದಾಗ, ಅವನೀಂದ್ರನಾಥ ಟಾಗೋರರ ಶಿಷ್ಯರಾದ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಸಮರೇಂದ್ರನಾಥ ಗುಪ್ತ ಅವರ ಜತೆಗೆ ಮೈಸೂರಿನಿಂದ ಕಲ್ಕತ್ತೆಗೆ ಕಲಿಯಲು ಹೋಗಿದ್ದ ಕೆ. ವೆಂಕಟಪ್ಪನವರೂ ಅವರಿಗೆ ನೆರವಾದರು. ಹೈದರಾಬಾದಿನ ಕಲಾವಿದರೂ ಆ ತಂಡದಲ್ಲಿದ್ದರು. ಹೆರಿಂಗ್‌ಹ್ಯಾಮ್ ಅವರು ಇಟಲಿಯ ಹಳೆಯ ಟೆಂಪೆರಾ ವಿಧಾನವನ್ನು, ಅಂದರೆ ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿ ಲೋಳೆಯಂಥ ಅಂಟಿನಲ್ಲಿ ಕಲಸಿ ಬಳಿಯುವ ತಂತ್ರವನ್ನು, ಆಳವಾಗಿ ಬಲ್ಲವರಾಗಿದ್ದರು. ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ವೆಂಕಟಪ್ಪನವರಿಗೆ ಗೆಸ್ಸೊ ಎಂಬ ಉಬ್ಬು ಲೇಪ ಹಚ್ಚಿ ಚಿನ್ನದ ರೇಕು ಕೂರಿಸುವ ಬೇರೊಂದು ಪರಂಪರೆಯ ಪರಿಚಯವಿತ್ತು. ಇವರಿಬ್ಬರೂ ತಮ್ಮ ತಮ್ಮ ಪರಂಪರೆಗಳಿಗಿಂತ ಹಳೆಯದಾದ ಗೋಡೆಯೊಂದರ ಮುಂದೆ ನಿಂತಿದ್ದರು. ಗುರು ಯಾರು, ಶಿಷ್ಯ ಯಾರು ಎಂಬ ಲೆಕ್ಕಾಚಾರಕ್ಕೆ ಅಲ್ಲಿ ಹೆಚ್ಚಿನ ಅರ್ಥವಿರಲಿಲ್ಲ, ಏಕೆಂದರೆ ಕಲಿಸುತ್ತಿದ್ದುದು ಗೋಡೆಯೇ. ಆ ಪ್ರತಿಗಳು 1915ರಲ್ಲಿ ಲಂಡನ್ನಿನ ಇಂಡಿಯಾ ಸೊಸೈಟಿಯಿಂದ ಪುಸ್ತಕವಾಗಿ ಹೊರಬಂದವು. ವಸಾಹತು ಕಾಲದ ಈ ಸಹಯೋಗದಲ್ಲಿ ಯೋಜನೆಯ ಹೆಸರು ಮತ್ತು ಕೀರ್ತಿ ಇಂಗ್ಲೆಂಡಿನ ಪಾಲಿಗೇ ಹೆಚ್ಚಾಗಿ ಸಂದವು ಎಂಬುದನ್ನೂ ಮರೆಯುವಂತಿಲ್ಲ.

ಹೊರಗೆ ಹೋದವರ ಪೈಕಿ ಅತ್ಯಂತ ಫಲವತ್ತಾದ ವಾಸ್ತವ್ಯ ಗಿರೀಶ ಕಾರ್ನಾಡರದು. ಅವರು 1987–88ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿಯೂ ಫುಲ್‌ಬ್ರೈಟ್ ಯೋಜನೆಯ ನಿವಾಸಿ ನಾಟಕಕಾರರಾಗಿಯೂ ಇದ್ದರು. ಫುಲ್‌ಬ್ರೈಟ್ ಎಂಬುದು ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕ ಸರ್ಕಾರ ಆರಂಭಿಸಿದ, ವಿದ್ವಾಂಸರನ್ನೂ ಕಲಾವಿದರನ್ನೂ ದೇಶದಿಂದ ದೇಶಕ್ಕೆ ಕಳುಹಿಸುವ ಅನುದಾನ. ಆ ವಾಸ್ತವ್ಯದ ಫಲವಾಗಿ ಬಂದ ‘ನಾಗಮಂಡಲ’ವು ಅದೇ ವಿಶ್ವವಿದ್ಯಾಲಯದಲ್ಲಿ ದಶಕಗಳಿಂದ ಪಾಠ ಹೇಳುತ್ತಿದ್ದ, ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ.ಕೆ. ರಾಮಾನುಜನ್ ಅವರಿಂದ ಕಾರ್ನಾಡರು ಕೇಳಿದ್ದ ಎರಡು ಜನಪದ ಕಥೆಗಳನ್ನು ಆಧರಿಸಿದೆ. ಮಕ್ಕಳಿಗೆ ಉಣಿಸುವಾಗ, ಮಲಗಿಸುವಾಗ ಮನೆಯ ಹಿರಿಯ ಹೆಂಗಸರು ಅಡುಗೆಮನೆಯಲ್ಲಿ ಹೇಳುತ್ತಿದ್ದ ಕಥೆಗಳವು. ರಾತ್ರಿ ದೀಪ ಆರಿಸಿದ ಮೇಲೆ ಮನೆಮನೆಯ ಜ್ಯೋತಿಗಳು ಊರ ಹೊರಗಿನ ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಆ ಕಲ್ಪನೆ ಅಮೆರಿಕದ ವಿದ್ಯಾರ್ಥಿ ನಟರ ಬಾಯಲ್ಲಿ ಇಂಗ್ಲಿಷಾಯಿತು, ಅದೇ ಹೊತ್ತಿಗೆ ಕನ್ನಡ ರಂಗಭೂಮಿಯ ಮುಖ್ಯ ನಾಟಕಗಳ ಸಾಲಿಗೂ ಸೇರಿತು. ಮಿನಿಯಾಪೊಲಿಸ್ ನಗರದ ಗಥ್ರಿ ಥಿಯೇಟರ್ 1993ರಲ್ಲಿ ಅದನ್ನು ರಂಗಕ್ಕೆ ತಂದದ್ದಲ್ಲದೆ ಕಾರ್ನಾಡರಿಂದ ಮತ್ತೊಂದು ನಾಟಕವನ್ನು ಬರೆಸಿತು. ಮಹಾಭಾರತದ ಯವಕ್ರೀತನ ಕಥೆಯನ್ನು ಆಧರಿಸಿದ ‘ಅಗ್ನಿ ಮತ್ತು ಮಳೆ’ ಹುಟ್ಟಿದ್ದು ಹೀಗೆ. ಕಾರ್ನಾಡರು ಅದನ್ನು ಮೊದಲು ಕನ್ನಡದಲ್ಲಿಯೇ ಬರೆದು, ಆಮೇಲೆ ಅಲ್ಲಿನ ನಟರಿಗಾಗಿ ತಾವೇ ಇಂಗ್ಲಿಷಿಗೆ ತಂದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪರದೇಶದ ವಾಸ್ತವ್ಯವು ನಾಟಕಕಾರರನ್ನು ಪರದೇಶದ ವಸ್ತುವಿನ ಕಡೆಗೆ ತಳ್ಳದೆ ತಮ್ಮದೇ ನಾಡಿನ ಅಜ್ಜಿಯರ ಕಥೆಯ ಕಡೆಗೆ ತಿರುಗಿಸಿದ್ದು. ಷಿಕಾಗೊದಲ್ಲಿ ಕನ್ನಡ ಬಲ್ಲ ವಿದ್ವಾಂಸರೊಬ್ಬರು ಮೊದಲೇ ಇದ್ದರು, ನಾಟಕವನ್ನು ಕೂಡಲೇ ಆಡಿ ನೋಡಬಲ್ಲ ರಂಗಮಂದಿರವೂ ಇತ್ತು. ಅಂದರೆ ಆತಿಥೇಯರ ಬಳಿ ಅತಿಥಿಗೆ ಬೇಕಾದದ್ದೂ ಅತಿಥಿಯ ಬಳಿ ಆತಿಥೇಯರಿಗೆ ಬೇಕಾದದ್ದೂ ಇದ್ದವು. ಇಂಥ ಕೂಟ ಅಪರೂಪ, ಅರ್ಜಿ ನಮೂನೆಯಿಂದ ಅದನ್ನು ಸೃಷ್ಟಿಸಲು ಬರುವುದಿಲ್ಲ.

ಲೇಖಕರಿಗಾಗಿಯೇ ಇರುವ ವಾಸ್ತವ್ಯಗಳಲ್ಲಿ ಅಯೋವಾ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ಲೇಖನ ಕಾರ್ಯಕ್ರಮ ಹೆಸರಾದದ್ದು. ಅಮೆರಿಕದ ಕವಿ ಪಾಲ್ ಎಂಗಲ್ ಮತ್ತು ಚೀನೀ ಮೂಲದ ಕಾದಂಬರಿಕಾರ್ತಿ ಹುವಾಲಿಂಗ್ ನಿಯೆ ಅವರು 1967ರಲ್ಲಿ ಸ್ಥಾಪಿಸಿದ ಈ ಕಾರ್ಯಕ್ರಮಕ್ಕೆ 150ಕ್ಕೂ ಹೆಚ್ಚು ದೇಶಗಳ ಬರಹಗಾರರು ಹೋಗಿಬಂದಿದ್ದಾರೆ. ಕನ್ನಡದಿಂದ ಕವಿ, ನಾಟಕಕಾರ ಎಚ್.ಎಸ್. ಶಿವಪ್ರಕಾಶ್ 2000ದಲ್ಲಿ, ಕಥೆಗಾರ ವಿವೇಕ ಶಾನಭಾಗ 2016ರಲ್ಲಿ ಅಲ್ಲಿ ಉಳಿದು ಬಂದರು. ಅಮೆರಿಕದ ವಿದೇಶಾಂಗ ಇಲಾಖೆ ದೀರ್ಘಕಾಲ ಅದರ ಮುಖ್ಯ ಪೋಷಕರಲ್ಲಿ ಒಂದಾಗಿತ್ತು ಎಂಬುದು, ಇಂಥ ಆತಿಥ್ಯದ ಹಿಂದೆ ರಾಜತಂತ್ರದ ಲೆಕ್ಕವೂ ಇರುತ್ತದೆ ಎಂಬುದನ್ನು ನೆನಪಿಸುತ್ತದೆ. ಹಣ ಕೊಡುವವರಿಗೆ ಉದ್ದೇಶವಿರುವುದು ಸಹಜ, ಆ ಉದ್ದೇಶ ಕೃತಿಯೊಳಗೆ ನುಸುಳುತ್ತದೆಯೇ ಎಂಬುದಷ್ಟೇ ಮುಖ್ಯ ಪ್ರಶ್ನೆ.

ಹೊರಗಿನವರು ಇಲ್ಲಿಗೆ ಬಂದ ಕಥೆ ಇನ್ನಷ್ಟು ವಿವರವಾಗಿ ನೋಡಬೇಕಾದದ್ದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಅಡಿಕೆ ತೋಟಗಳ ನಡುವಿನ ಸಣ್ಣ ಹಳ್ಳಿಯ ಹವ್ಯಾಸಿ ತಂಡವಾಗಿ ಆರಂಭವಾಯಿತು. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ ಅದು 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನೂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ನಾಡಿನುದ್ದಕ್ಕೂ ನಾಟಕ ಒಯ್ಯುವ ತಿರುಗಾಟವನ್ನೂ ಕಟ್ಟಿಕೊಂಡಿತು, 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಪೂರ್ವ ಜರ್ಮನಿಯ ವೈಮಾರ್ ನಗರದ ರಂಗಭೂಮಿಯಿಂದ ಬಂದ ಫ್ರಿಟ್ಜ್ ಬೆನೆವಿಟ್ಜ್ (1926–1995) ಹೆಗ್ಗೋಡಿನಲ್ಲಿ ಕೆಲಸ ಮಾಡಿದ್ದು ಈ ಹಿನ್ನೆಲೆಯಲ್ಲಿ. 1970ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಜರ್ಮನ್ ನಾಟಕಕಾರ ಬ್ರೆಕ್ಟ್‌ನ ನಾಟಕವನ್ನು ನಿರ್ದೇಶಿಸಲು ಬಂದ ಅವರು ಮುಂದಿನ ಎರಡು ದಶಕಗಳಿಗೂ ಹೆಚ್ಚು ಕಾಲ ಮತ್ತೆ ಮತ್ತೆ ಭಾರತಕ್ಕೆ ಬರುತ್ತ, ಹಲವು ಭಾರತೀಯ ಭಾಷೆಗಳಲ್ಲಿ ಬ್ರೆಕ್ಟ್ ಮತ್ತು ಶೇಕ್ಸ್‌ಪಿಯರ್ ನಾಟಕಗಳನ್ನು ಆಡಿಸಿದರು.

ತಮಗೆ ಬಾರದ ಭಾಷೆಯಲ್ಲಿ ನಾಟಕ ಆಡಿಸುವ ನಿರ್ದೇಶಕ ಮಾತಿನ ಅರ್ಥಕ್ಕಾಗಿ ಪ್ರತಿ ಹೆಜ್ಜೆಯಲ್ಲೂ ಆತಿಥೇಯರನ್ನೇ ಅವಲಂಬಿಸಬೇಕಾಗುತ್ತದೆ. ಈ ಸಾಲಿಗೆ ಕನ್ನಡದಲ್ಲಿ ಏನು ಧ್ವನಿ, ಈ ಸನ್ನೆಗೆ ಮಲೆನಾಡಿನಲ್ಲಿ ಏನು ಅರ್ಥ ಎಂದು ಕೇಳದೆ ಅವರ ಕೆಲಸ ಮುಂದೆ ಸಾಗದು. ಉತ್ತರ ಹೇಳಬೇಕಾದ ನಟನೂ ತಾನು ಅಲ್ಲಿಯವರೆಗೆ ಯೋಚಿಸದೆ ಆಡುತ್ತಿದ್ದ ಮಾತನ್ನು ಒಮ್ಮೆ ಹೊರಗಿನಿಂದ ನೋಡಬೇಕಾಗುತ್ತದೆ. ಹೆಗ್ಗೋಡಿನಂಥ ಜಾಗದ ಬಲವಿರುವುದು ಅತಿಥಿ ಬಂದರೂ ಬಾರದಿದ್ದರೂ ಅಲ್ಲಿ ಪಾಠ, ತಾಲೀಮು, ಪುಸ್ತಕ ಪ್ರಕಟಣೆ, ತಿರುಗಾಟ ನಡೆದೇ ಇರುತ್ತವೆ ಎಂಬುದರಲ್ಲಿ. ಹರಿಯುವ ಹಳ್ಳಕ್ಕೆ ಇನ್ನೊಂದು ತೊರೆ ಸೇರಿದ ಹಾಗೆ ಅತಿಥಿಯ ಕೆಲಸ ಅದರಲ್ಲಿ ಬೆರೆತುಹೋಗುತ್ತದೆ, ಅವರಿಗಾಗಿ ಪ್ರತ್ಯೇಕ ಸಮಾರಂಭ ಏರ್ಪಡಿಸಬೇಕಾಗಿ ಬರುವುದಿಲ್ಲ.

ಕರಾವಳಿಯಲ್ಲಿ ಇದೇ ಕೆಲಸ ಗುರುಕುಲದ ರೂಪದಲ್ಲಿ ನಡೆಯಿತು. ಅಮೆರಿಕದ ಮಾರ್ತಾ ಆಷ್ಟನ್ 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಉಡುಪಿಯ ಸುತ್ತಮುತ್ತ ನೆಲೆಸಿ ಯಕ್ಷಗಾನದ ಬಡಗುತಿಟ್ಟು ಶೈಲಿಯನ್ನು ಕಲಿತರು. ಅವರಿಗೆ ಕಲಿಸಿದವರಲ್ಲಿ ಶತಾಯುಷಿ ಮದ್ದಲೆಗಾರ ಹಿರಿಯಡಕ ಗೋಪಾಲ ರಾವ್ (1919–2020) ಪ್ರಮುಖರು. ಶಿಷ್ಯೆ ಬ್ರೂಸ್ ಕ್ರಿಸ್ಟಿಯವರೊಡನೆ ಸೇರಿ 1977ರಲ್ಲಿ ಯಕ್ಷಗಾನದ ಮೇಲೆ ಇಂಗ್ಲಿಷಿನಲ್ಲಿ ಗ್ರಂಥ ಪ್ರಕಟಿಸಿದರೆ, ಗುರುಗಳು ತಾವೂ ಅಮೆರಿಕಕ್ಕೆ ಹೋಗಿ ಅಲ್ಲಿ ಮದ್ದಲೆ ನುಡಿಸಿ ಬಂದರು. ರಾತ್ರಿಯಿಡೀ ನಡೆಯುವ ಆಟವನ್ನು ಕಲಿಯಲು ನಾಲ್ಕು ವಾರದ ರೆಸಿಡೆನ್ಸಿ ಸಾಲುವುದಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂದು ರೆಸಿಡೆನ್ಸಿ ಎಂಬ ಹೆಸರಿನಿಂದಲೇ ನಡೆಯುವ ಚಟುವಟಿಕೆಯ ಬಹುಭಾಗ ಬೆಂಗಳೂರಿನಲ್ಲಿದೆ. ಕಲಾವಿದ, ಕಲಾ ಇತಿಹಾಸಕಾರ ಸುರೇಶ್ ಜಯರಾಮ್ ಅವರು 2003ರಲ್ಲಿ ಶಾಂತಿನಗರದ ಶಾಂತಿ ರಸ್ತೆಯ ತಮ್ಮ ನಿವೇಶನದಲ್ಲಿ ‘1 ಶಾಂತಿರೋಡ್’ ಎಂಬ ಸ್ಟುಡಿಯೋ ಮತ್ತು ಗ್ಯಾಲರಿಯನ್ನು ಆರಂಭಿಸಿದರು. ಅಂಗಳದ ಬಾದಾಮಿ ಮರದ ಸುತ್ತ ಕಟ್ಟಿದ ಆ ಮನೆಯಲ್ಲಿ ಹಲವು ದೇಶಗಳ ಕಲಾವಿದರು ಉಳಿದು ಹೋಗಿದ್ದಾರೆ. ಜರ್ಮನಿಯ ಸಾಂಸ್ಕೃತಿಕ ಸಂಸ್ಥೆಯಾದ ಗೋಯೆಥೆ ಇನ್‌ಸ್ಟಿಟ್ಯೂಟ್‌ನ ಬೆಂಗಳೂರು ಶಾಖೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, 2013ರಿಂದ ‘ಬ್ಯಾಂಗಲೋರೆಸಿಡೆನ್ಸಿ’ ಎಂಬ ಯೋಜನೆಯ ಮೂಲಕ ಜರ್ಮನಿಯ ಕಲಾವಿದರನ್ನು ಕರೆಸಿ ನಗರದ ಬೇರೆ ಬೇರೆ ಸಂಸ್ಥೆಗಳಲ್ಲಿ ಇರಿಸುತ್ತ ಬಂದಿದೆ. ನಗರದ ಹೊರವಲಯದ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ 1990ರಲ್ಲಿ ಕಟ್ಟಿದ ನೃತ್ಯಗ್ರಾಮ ಒಡಿಸ್ಸಿಯ ಗುರುಕುಲ. ಅರ್ಶಿಯಾ ಸತ್ತಾರ್ ಮತ್ತು ಡಿ.ಡಬ್ಲ್ಯು. ಗಿಬ್ಸನ್ 2008ರಲ್ಲಿ ಹುಟ್ಟುಹಾಕಿದ ‘ಸಂಗಮ್ ಹೌಸ್’ ಎಂಬ ಲೇಖಕರ ರೆಸಿಡೆನ್ಸಿಯೂ ಪುದುಚೇರಿಯ ಕಡೆಯಿಂದ ಬಂದು ಹಲವು ವರ್ಷ ನೃತ್ಯಗ್ರಾಮದ ಆವರಣದಲ್ಲಿಯೇ ನಡೆಯಿತು. ಇಂಗ್ಲಿಷಿನವರ ಜತೆಗೆ ಭಾರತೀಯ ಭಾಷೆಗಳಲ್ಲಿ ಬರೆಯುವವರನ್ನೂ ಒಂದೇ ಊಟದ ಮೇಜಿನ ಸುತ್ತ ಕೂರಿಸಿದ್ದು ಅದರ ವಿಶೇಷ.

ನೃತ್ಯಗ್ರಾಮದ ಒಂದು ಸಹಯೋಗ ಇಲ್ಲಿ ಹೇಳುವಂಥದ್ದು. ಶ್ರೀಲಂಕಾದ ಚಿತ್ರಸೇನ ನೃತ್ಯ ತಂಡದವರು ಹೆಸರಘಟ್ಟದ ನರ್ತಕಿಯರೊಡನೆ ಸೇರಿ ಸಿದ್ಧಪಡಿಸಿದ ‘ಸಂಹಾರ’ 2012ರಲ್ಲಿ ರಂಗಕ್ಕೆ ಬಂದಿತು. ಮೈಯನ್ನು ಬಳುಕಿಸಿ ಮೂರು ಕಡೆ ಬಾಗಿಸುವ ಒಡಿಸ್ಸಿಗೂ, ಮಂಡಿಯನ್ನು ಅಗಲಿಸಿ ಬಾಗಿ ಗಟ್ಟಿಯಾಗಿ ನೆಲ ತುಳಿಯುವ ಕ್ಯಾಂಡಿ ನೃತ್ಯಕ್ಕೂ ಅದರಲ್ಲಿ ಒಂದೇ ತಾಳ ದೊರೆಯಿತು. ಆ ತಂಡವನ್ನು ಕಟ್ಟಿದ ಚಿತ್ರಸೇನರು ಸ್ವತಃ 1940ರ ದಶಕದಲ್ಲಿ ಶಾಂತಿನಿಕೇತನದಲ್ಲಿ ಕಲಿತವರೆಂಬುದನ್ನು ನೆನೆದರೆ, ಒಂದು ತಲೆಮಾರಿನ ವಾಸ್ತವ್ಯದ ಫಲ ಮೊಮ್ಮಕ್ಕಳ ಕಾಲಕ್ಕೆ ಬೇರೆ ಊರಿನಲ್ಲಿ ಕಾಣಿಸಿಕೊಳ್ಳಬಹುದು ಎಂಬುದು ತಿಳಿಯುತ್ತದೆ. ಅನುದಾನ ಕೊಟ್ಟವರು ವರ್ಷದ ಕೊನೆಗೆ ಕೇಳುವ ವರದಿಯಲ್ಲಿ ಇಂಥ ಫಲವನ್ನು ನಮೂದಿಸಲು ಅಂಕಣವಿರುವುದಿಲ್ಲ.

ಈ ವ್ಯವಸ್ಥೆಯ ಕೊರತೆಗಳೂ ಸಣ್ಣವಲ್ಲ. ಹಣ ಬರುವುದು ಬಹುಮಟ್ಟಿಗೆ ಶ್ರೀಮಂತ ದೇಶಗಳಿಂದಲೇ ಆದ್ದರಿಂದ ಯಾರು ಎಲ್ಲಿಗೆ, ಎಷ್ಟು ದಿನ ಹೋಗಬೇಕೆಂಬುದನ್ನು ನಿರ್ಧರಿಸುವವರೂ ಅವರೇ ಆಗಿರುತ್ತಾರೆ. ಯುರೋಪಿನ ಕಲಾವಿದರಿಗೆ ಭಾರತದ ವೀಸಾ ದೊರೆಯುವಷ್ಟು ಸಲೀಸಾಗಿ ಭಾರತದ ಹಳ್ಳಿಯ ಕಲಾವಿದರಿಗೆ ಯುರೋಪಿನ ವೀಸಾ ದೊರೆಯುವುದಿಲ್ಲ, ಬ್ಯಾಂಕ್ ಖಾತೆಯ ಲೆಕ್ಕವನ್ನೂ ಆದಾಯ ತೆರಿಗೆಯ ಕಾಗದವನ್ನೂ ತೋರಿಸಲಾಗದ ಬಯಲಾಟದ ಭಾಗವತರೊಬ್ಬರು ರಾಯಭಾರ ಕಚೇರಿಯ ಬಾಗಿಲಲ್ಲಿಯೇ ನಿಲ್ಲಬೇಕಾಗುತ್ತದೆ. ಅವಧಿ ನಾಲ್ಕರಿಂದ ಎಂಟು ವಾರಗಳಷ್ಟಿದ್ದರೆ ಹೊಸಬರಿಗೆ ಕಣ್ಣಿಗೆ ಬೀಳುವುದು ಕೆ.ಆರ್. ಮಾರುಕಟ್ಟೆಯ ಹೂವು, ಆಟೋರಿಕ್ಷಾ, ವಾಹನಗಳ ದಟ್ಟಣೆಯಷ್ಟೇ. ಓಪನ್ ಸ್ಟುಡಿಯೋಗಳಲ್ಲಿ ಇವೇ ವಸ್ತುಗಳು ತಿರುತಿರುಗಿ ಬರುವುದನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ. ಎಲ್ಲಕ್ಕಿಂತ ದೊಡ್ಡ ತಡೆ ಇಂಗ್ಲಿಷ್. ಅರ್ಜಿಯೂ ಸಂದರ್ಶನವೂ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಬೆಂಗಳೂರಿನ ಒಂದು ವಲಯದವರು ಬರ್ಲಿನ್ನಿನ ಅಂಥದೇ ಒಂದು ವಲಯದವರನ್ನು ಭೇಟಿಯಾಗುವುದಕ್ಕೆ ವಿನಿಮಯ ಎಂಬ ದೊಡ್ಡ ಹೆಸರು ಸಿಕ್ಕಿಬಿಡುತ್ತದೆ.

ರಾಜ್ಯದ ನಡುಭಾಗಕ್ಕೆ ಬಂದರೆ ಈ ಕೊರತೆ ಎದ್ದು ಕಾಣುತ್ತದೆ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಬಿಳಿಚೋಡಿನಂಥ ಊರು, ಮಳೆಯನ್ನೇ ನಂಬಿದ ಬೇಸಾಯದ, ಬರಕ್ಕೆ ಹೆಸರಾದ ಸೀಮೆಯಲ್ಲಿದೆ. ಅಂತಾರಾಷ್ಟ್ರೀಯ ಕಲಾವಿದರ ನಕ್ಷೆಯಲ್ಲಿ ಈ ಸೀಮೆಗೆ ಜಾಗವಿಲ್ಲವಾದರೂ ಇಲ್ಲಿ ಕಲೆಗೆ ಬರವಿಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ, ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದ ಕಾಡುಗೊಲ್ಲರ ಸಿರಿಯಜ್ಜಿ ಬದುಕಿ ಬಾಳಿದರು. ದಾವಣಗೆರೆ ನಗರವು ಚಿಂದೋಡಿ ಮನೆತನದ ವೃತ್ತಿನಾಟಕ ಕಂಪನಿಯ ಊರು, ಅಲ್ಲಿ 1964ರಲ್ಲಿ ಆರಂಭವಾದ ಕಲಾಶಾಲೆ ಇಂದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಾಗಿದೆ. ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ಆಸಕ್ತಿಯಿಂದ ಬೆಳೆದ ಶಿವಸಂಚಾರ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ, ಅಲ್ಲಿ ರಂಗಶಾಲೆಯೂ ವಿಶಾಲವಾದ ಬಯಲು ರಂಗಮಂದಿರವೂ ಇವೆ. ಹೆಗ್ಗೋಡಿನ ಬಗ್ಗೆ ಹೇಳಿದ ಮುಖ್ಯ ಅರ್ಹತೆ, ಅಂದರೆ ಅತಿಥಿ ಇರಲಿ ಬಿಡಲಿ ಕೆಲಸ ನಡೆಯುತ್ತಿರುವುದು, ಇಲ್ಲಿಯೂ ಇದೆ.

ಹೊಸ ಕಟ್ಟಡವೊಂದನ್ನು ಎಬ್ಬಿಸಿ ಅದಕ್ಕೆ ಕಲಾಗ್ರಾಮ ಎಂಬ ಫಲಕ ಹಾಕುವುದರಿಂದ ಈ ಸೀಮೆಗೆ ಪ್ರಯೋಜನವಾಗಲಾರದು, ಬೀಗ ಹಾಕಿದ ಭವನಗಳು ಜಿಲ್ಲೆ ಜಿಲ್ಲೆಗಳಲ್ಲಿ ಈಗಾಗಲೇ ಸಾಕಷ್ಟಿವೆ. ದೃಶ್ಯಕಲಾ ಮಹಾವಿದ್ಯಾಲಯವು ವರ್ಷಕ್ಕೊಬ್ಬ ಹೊರದೇಶದ ಕಲಾವಿದರನ್ನು ಕನಿಷ್ಠ ಮೂರು ತಿಂಗಳ ಮಟ್ಟಿಗೆ ಕರೆಸಿ, ಅದರಲ್ಲಿ ಒಂದು ತಿಂಗಳನ್ನಾದರೂ ಬಿಳಿಚೋಡಿನಂಥ ಹೋಬಳಿಯಲ್ಲಿ ಕಳೆಯುವಂತೆ ಮಾಡಿ, ಅವರ ಜತೆಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಲ್ಲ ವಿದ್ಯಾರ್ಥಿಯೊಬ್ಬರನ್ನು ಸಹಕಲಾವಿದರಾಗಿ ಸಂಬಳಕೊಟ್ಟು ನೇಮಿಸುವುದು ಕಾರ್ಯಸಾಧ್ಯವಾದ ಮಾರ್ಗ. ಅತಿಥಿಗೆ ಎಷ್ಟು ಸ್ಟೈಪೆಂಡ್ ಸಲ್ಲುತ್ತದೆಯೋ ಅವರಿಗೆ ಕಲಿಸುವ ಊರಿನ ಹಾಡುಗಾರರಿಗೂ ಕುಶಲಕರ್ಮಿಗಳಿಗೂ ದಿನದ ಲೆಕ್ಕದಲ್ಲಿ ಅಷ್ಟೇ ಸಲ್ಲಬೇಕು, ಮಾಡಿದ ಧ್ವನಿಮುದ್ರಣ ಮತ್ತು ಚಿತ್ರಗಳ ಒಂದು ಪ್ರತಿ ಊರಿನ ಶಾಲೆಯಲ್ಲಿಯೇ ಉಳಿಯಬೇಕು. ಈ ಎರಡು ಷರತ್ತುಗಳನ್ನು ಒಪ್ಪದವರನ್ನು ಕರೆಯದಿರುವುದೇ ಲೇಸು.

ಹೊರಗೆ ಹೋಗಬಯಸುವ ಇಲ್ಲಿನ ತರುಣ ಕಲಾವಿದರಿಗೂ ಒಂದು ಎಚ್ಚರಿಕೆಯ ಮಾತು ಅಗತ್ಯ. ರೆಸಿಡೆನ್ಸಿ ಎಂಬ ಹೆಸರಿನಲ್ಲಿ ಕಲಾವಿದರಿಂದಲೇ ಬಾಡಿಗೆ ಮತ್ತು ಶುಲ್ಕ ವಸೂಲು ಮಾಡುವ ಏರ್ಪಾಟುಗಳೂ ಜಗತ್ತಿನಲ್ಲಿ ಸಾಕಷ್ಟಿವೆ. ಅರ್ಜಿ ಹಾಕುವ ಮುನ್ನ ಪ್ರಯಾಣ, ವಸತಿ, ಊಟ ಮತ್ತು ಸಾಮಗ್ರಿಗಳ ಖರ್ಚನ್ನು ಯಾರು ಭರಿಸುತ್ತಾರೆ, ತಯಾರಾದ ಕೃತಿಯ ಒಡೆತನ ಯಾರದು ಎಂಬುದನ್ನು ಬರಹದಲ್ಲಿ ಕೇಳಿ ತಿಳಿಯಬೇಕು, ಬರಹದಲ್ಲಿ ಉತ್ತರ ಕೊಡದ ಸಂಸ್ಥೆಗೆ ಅರ್ಜಿ ಹಾಕಬಾರದು.